ಬ್ರೆಕ್ಕೆಯವರ ರಕ್ತ

"ಕರ್ಟಿಸ್ ಬ್ರೆಕ್ಕೆ. ಹೆಂಡತಿ ಲವೋನ್. ಮಕ್ಕಳಿಲ್ಲ," ಎಂದು ವಂಶಾವಳಿಯ ಪುಸ್ತಕಕ್ಕೆ ಬರೆಸಿ ಸೆಲ್ಮರ್ ಮುದುಕ ಕಾಫಿಗೆ ಅದ್ದಿದ ರಸ್ಕನ್ನು ಬಾಯಿಗಿಟ್ಟುಕೊಂಡ.

ಕಂಪ್ಯೂಟರಿನ ಮುಂದೆ ಕೂತಿದ್ದ ಸೊಸೆ ಲವೋನಳ ಬೆರಳುಗಳು ನಿಂತವು. "ಏನಂದ್ರಿ ಮಾವ?"

"ಮಕ್ಕಳಿಲ್ಲ ಅಂದೆ. ಎಂಬತ್ತನಾಲ್ಕು ಆಗಿರೋದು ನನಗೆ, ಕಿವುಡು ಬಂದಿರೋದು ನಿನಗಾ?"

"ಹಾಗಾದ್ರೆ ಸಿಗ್ನೆ ಯಾರು? ಭಾನುವಾರ ಭಾನುವಾರ ಬಂದು ನಿಮ್ಮ ಮಾತ್ರೆ ಡಬ್ಬಿ ತುಂಬಿಸಿಟ್ಟು ಹೋಗ್ತಾಳಲ್ಲ, ಅವಳು ಪಕ್ಕದ ಮನೆಯೋಳಾ?"

"ಸಿಗ್ನೆ ಒಳ್ಳೆ ಹುಡುಗಿ. ನಾನು ಅಲ್ಲ ಅಂದ್ನಾ? ಊಟ ಹಾಕಿ, ಉಡುಗೊರೆ ಕೊಡಿ, ಯಾರೂ ಬೇಡ ಅನ್ನಲ್ಲ. ಆದ್ರೆ ಅವಳನ್ನ ನೀವು ಕೊರಿಯಾದಿಂದ ತಂದ್ರಿ. ಇದು ವಂಶಾವಳಿ ಕಣಮ್ಮ. ಚರ್ಚಿನ ಊಟಕ್ಕೆ ಬಂದೋರ ಪಟ್ಟಿ ಅಲ್ಲ. ಇಲ್ಲಿ ರಕ್ತ ಒಂದೇ ಲೆಕ್ಕ."

ಋಷಿಮೂಲ, ನದಿಮೂಲ ಹುಡುಕಬಾರದು ಎನ್ನುತ್ತಾರೆ. ಸೆಲ್ಮರ್ ಋಷಿಯಲ್ಲ, ಅವನ ಮನೆತನ ನದಿಯೂ ಅಲ್ಲ. ಪಶ್ಚಿಮ ಮಿನೆಸೋಟಾದಲ್ಲಿ ಮೆಕ್ಕೆಜೋಳ, ಸೋಯಾ ಬೆಳೆದುಕೊಂಡು ಬಂದ ಸಾಧಾರಣ ಒಕ್ಕಲು ಸಂಸಾರ. ಆದರೆ ಹೊಲವನ್ನು ಮಗನ ಕೈಗೆ ಕೊಟ್ಟು ಕೆಲಸವಿಲ್ಲದೆ ಕೂತ ಮೇಲೆ ಮುದುಕನಿಗೆ ನಾರ್ವೆಯ ಹುಚ್ಚು ಹಿಡಿಯಿತು. ಅಂದಿನಿಂದ ಊಟದ ಮೇಜಿನ ಅರ್ಧ ಭಾಗ ಅವನ ಕಾಗದಗಳಿಗೆ ಮೀಸಲು: ಪಾದ್ರಿಗಳ ಹಳೆಯ ದಾಖಲೆ ಪುಸ್ತಕಗಳ ನಕಲು, ಹಡಗು ಹತ್ತಿದವರ ಪಟ್ಟಿ, ಜನಗಣತಿಯ ಹಾಳೆಗಳು. ನೂರೈವತ್ತು ವರ್ಷದ ಹಿಂದೆ ಸತ್ತವರ ಹುಟ್ಟುಹಬ್ಬ ಅವನ ಬಾಯಲ್ಲೇ ಇತ್ತು. ತನಗೆ ದಿನಾ ಬೇಯಿಸಿ ಹಾಕುವವಳ ಹುಟ್ಟುಹಬ್ಬ ಯಾವಾಗ ಎಂದು ಕೇಳಿದ್ದರೆ ಗೊತ್ತಿಲ್ಲದೆ ಪೆಪ್ಪರಮೆಂಟು ಚೀಪುತ್ತಾ ಕೂತಿರುತ್ತಿದ್ದ.

ಅವನ ಕತೆಯ ನಾಯಕ ಅವನ ತಾತ ಹಾಲ್ವೋರ್ ಬ್ರೆಕ್ಕೆ. ನಾರ್ವೆಯ ಸೋಗ್ನ್ ಸೀಮೆಯಲ್ಲಿ ಬ್ರೆಕ್ಕೆ ಎಂಬ ದೊಡ್ಡ ಜಮೀನಿದೆ. ಹತ್ತೊಂಬತ್ತರ ಹರೆಯದಲ್ಲಿ ಹಾಲ್ವೋರ್ ಅಲ್ಲಿಂದ ಹಡಗು ಹತ್ತಿದ. ಹಡಗಿನ ಪಟ್ಟಿಯಲ್ಲಿ 'ಹಾಲ್ವೋರ್ ಬ್ರೆಕ್ಕೆ' ಎಂದಿತ್ತು. ಅಂದ ಮೇಲೆ ಆ ದೊಡ್ಡ ಜಮೀನಿನ ಯಜಮಾನನ ಮಗನೇ ಅವನು, ಬೇರೆ ಸಾಕ್ಷಿ ಏಕೆ ಎಂದು ಸೆಲ್ಮರನ ವಾದ. ಆ ಯಜಮಾನನ ಮಕ್ಕಳ ಜನನ ದಾಖಲೆಯಲ್ಲಿ ಹಾಲ್ವೋರನ ಹೆಸರೇ ಇರಲಿಲ್ಲ ಎನ್ನುವುದು ಸಣ್ಣ ತೊಡಕು.

"ಪಾದ್ರಿ ಕುಡುಕ ಇರಬೇಕು, ಬರೆಯೋದು ಮರೆತಿದಾನೆ," ಎನ್ನುತ್ತಿದ್ದ ಸೆಲ್ಮರ್. ಹಾಲ್ವೋರ್ ಸಾಯುವವರೆಗೂ ಹುಟ್ಟೂರಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅದಕ್ಕೂ ಉತ್ತರ ಸಿದ್ಧವಿತ್ತು. "ದೊಡ್ಡ ಮನೆಯೋರು ಹಾಗೇ. ಜಂಬ ಕೊಚ್ಚಲ್ಲ." ಮೊಮ್ಮಗ ಮಾತ್ರ ಇಬ್ಬರ ಪಾಲಿನ ಜಂಬವನ್ನೂ ತಾನೊಬ್ಬನೇ ಕೊಚ್ಚುತ್ತಿದ್ದ.

ಆಗಸ್ಟಿನಲ್ಲಿ ಬ್ರೆಕ್ಕೆ ಕುಲದವರೆಲ್ಲ ಚರ್ಚಿನಲ್ಲಿ ಸೇರುವವರಿದ್ದರು. ಅಷ್ಟರಲ್ಲಿ ಪುಸ್ತಕ ಅಚ್ಚಾಗಬೇಕು. ಮುದುಕನಿಗೆ ಟೈಪಿಂಗ್ ಬರದು. ಹೀಗಾಗಿ ತನಗೆ ಮಕ್ಕಳಿಲ್ಲ ಎಂದು ಲವೋನಳೇ ತನ್ನ ಕೈಯಾರೆ ಟೈಪ್ ಮಾಡಬೇಕಿತ್ತು.

"ನನ್ನ ಕೈಲಿ ಆಗಲ್ಲ," ಎಂದು ಅವಳು ಎದ್ದಳು.

"ನಿಮ್ಮ ಜರ್ಮನ್ ಕಡೆಯೋರಿಗೆ ವಂಶದ ಬೆಲೆ ಎಲ್ಲಿ ಗೊತ್ತು," ಎಂದ ಮುದುಕ. ಮೂವತ್ತನಾಲ್ಕು ವರ್ಷದಿಂದ ಇದೇ ಮಾತು. ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು.

ಮಧ್ಯಾಹ್ನ ಗಂಡ ಕರ್ಟಿಸ್ ಹೊಲದಿಂದ ಬಂದು ಕೈ ತೊಳೆದು ಕೂತ. ಅವಳು ಆಲೂಗೆಡ್ಡೆ, ಕೈಮಾ ಸೇರಿಸಿ ಬೇಯಿಸಿದ ಊಟದ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

"ನಿಮ್ಮಪ್ಪನ ಪುಸ್ತಕದ ಪ್ರಕಾರ ನಮಗೆ ಮಕ್ಕಳಿಲ್ವಂತೆ."

ಕರ್ಟಿಸ್ ಉಪ್ಪಿನ ಡಬ್ಬಿ ಹುಡುಕಿದ. "ಹೋಗ್ಲಿ ಬಿಡು. ವಯಸ್ಸಾಗಿದೆ."

"ವಯಸ್ಸಾದ್ರೆ ಹಲ್ಲು ಉದುರುತ್ತೆ ಕರ್ಟಿಸ್, ಮೊಮ್ಮಕ್ಕಳು ಉದುರಲ್ಲ."

"ಒಂದು ಪುಸ್ತಕಕ್ಕೆ ಮನೇಲಿ ಜಗಳ ಯಾಕೆ? ಅವನು ಹೇಳೋದೂ ಒಂದು ಲೆಕ್ಕಕ್ಕೆ ಸರಿ, ನೀನು ಹೇಳೋದೂ ಸರಿ."

"ಅಡ್ಡಗೋಡೆ ಮೇಲೆ ದೀಪ ಇಡೋದು ನಿನ್ನಿಂದ ಕಲೀಬೇಕು. ತಿನ್ನು."

ಅವನು ತಿಂದ. ಆ ಮನೆಯ ಗಂಡಸರಿಗೆ ಅದೊಂದು ಕಲೆ ಚೆನ್ನಾಗಿ ಬರುತ್ತಿತ್ತು.

ಸಿಗ್ನೆ ಐದು ತಿಂಗಳ ಕೂಸಾಗಿ ಬಂದವಳು. ಮಿನಿಯಾಪೊಲಿಸ್ಸಿನ ವಿಮಾನ ನಿಲ್ದಾಣದಲ್ಲಿ ಅವಳನ್ನು ಮೊದಲು ಎತ್ತಿಕೊಂಡವಳು ಲವೋನಳ ಅತ್ತೆ. ತನ್ನ ಹೆಸರನ್ನೇ ಇಡಿ ಎಂದು ಹಟ ಹಿಡಿದವಳೂ ಅವಳೇ. ಆ ಅತ್ತೆ ಈಗಿಲ್ಲ. ಈಗ ಇಪ್ಪತ್ತೇಳಾಗಿದ್ದ ಸಿಗ್ನೆ ಊರಿನ ಔಷಧಿ ಅಂಗಡಿಯಲ್ಲಿ ಕೆಲಸದಲ್ಲಿದ್ದಳು. ಅಲ್ಲೇ ಬಾಡಿಗೆ ಮನೆ, ಭಾನುವಾರದ ಊಟ ಮಾತ್ರ ಇಲ್ಲಿ.

ಆ ಭಾನುವಾರ ಮಾತ್ರೆ ಎಣಿಸಿ ಡಬ್ಬಿಗೆ ಹಾಕುತ್ತಾ ಅವಳು ಕೇಳಿಯೇಬಿಟ್ಟಳು. "ಅಜ್ಜ, ಪುಸ್ತಕದಲ್ಲಿ ಎಲ್ಲರಿಗೂ ಒಂದೊಂದು ನಂಬರ್ ಅಂತೆ. ನಂದೆಷ್ಟು?"

ಸೆಲ್ಮರ್ ಕೆಮ್ಮಿದ. "ಅದು... ನಂಬರು ವಂಶದೋರಿಗೆ ಮಾತ್ರ ಪುಟ್ಟಿ. ನಿನಗ್ಯಾಕೆ ಆ ತಲೆನೋವು."

"ಓ," ಎಂದಳು ಸಿಗ್ನೆ. "ಸರಿ. ಬಿಳಿ ಮಾತ್ರೆ ಊಟಕ್ಕೆ ಮೊದಲು ತಗೋ. ಹೋದ ವಾರ ನೀನು ಮರೆತಿದ್ದೆ."

ಪಾತ್ರೆ ತೊಳೆಯುವಾಗ ಅವಳು ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದಳು. ಲವೋನ್ ತಟ್ಟೆ ಕಿತ್ತುಕೊಂಡಳು.

"ನಿನ್ನ ಹೆಸರು ಸೇರಿಸೋತನಕ ಆ ಪುಸ್ತಕ ಅಚ್ಚಾಗಲ್ಲ. ನನ್ನ ಮಾತು."

"ಪುಸ್ತಕ ಕಟ್ಕೊಂಡು ಏನ್ಮಾಡ್ಲಿ ಅಮ್ಮ? ನನಗೆ ಬೇಕಾಗಿರೋದು ಒಂದೇ. ಅಜ್ಜ ಒಂದು ಸಲ, ನಾಲ್ಕು ಜನರ ಮುಂದೆ, 'ಇವಳು ನನ್ನ ಮೊಮ್ಮಗಳು' ಅನ್ನಲಿ. ಯಾರೂ ಹೇಳಿಕೊಡದೆ ಅನ್ನಲಿ. ಚಿಕ್ಕೋಳಿದ್ದಾಗ 'ಕರ್ಟಿಸ್ ತಂದ ಹುಡುಗಿ' ಅಂತಿದ್ದ. ಈಗ 'ನಮ್ಮ ಮಾತ್ರೆ ಹುಡುಗಿ' ಅಂತಾನೆ. ಬಡ್ತಿ ಸಿಕ್ಕಿದೆ ನನಗೆ." ಅವಳು ನಕ್ಕಳು. ಲವೋನಳಿಗೆ ನಗು ಬರಲಿಲ್ಲ.

ಜುಲೈ ತಿಂಗಳಲ್ಲಿ ಬ್ರೆಕ್ಕೆ ಜಮೀನಿನ ಈಗಿನ ಒಡತಿ ಗುನ್‌ವೋರ್ ಅಮೆರಿಕ ನೋಡಲು ಬಂದಳು. ಸೆಲ್ಮರ್ ಅವಳಿಗೆ ಕಾಗದದ ಮೇಲೆ ಕಾಗದ ಬರೆದು ಪ್ರಾಣ ತಿಂದಿದ್ದ. ಆ ಕಾಟ ತಡೆಯಲಾರದೆ ಅವಳು ಒಂದು ಮಧ್ಯಾಹ್ನ ಊಟಕ್ಕೆ ಬರುವುದಾಗಿ ಒಪ್ಪಿಕೊಂಡಳು. ಮುದುಕನ ಸಡಗರ ನೋಡಬೇಕಿತ್ತು. ಹೊರಗೆ ಸುಡುಬಿಸಿಲು, ಅವನ ಮೈಮೇಲೆ ನಾರ್ವೆಯ ದಪ್ಪ ಉಣ್ಣೆ ಸ್ವೆಟರು. ಕ್ರಿಸ್‌ಮಸ್ಸಿಗೆಂದು ಶೀತಪೆಟ್ಟಿಗೆಯಲ್ಲಿಟ್ಟಿದ್ದ, ಕ್ಷಾರದ ನೀರಿನಲ್ಲಿ ನೆನೆಸಿದ ಮೀನನ್ನು ತೆಗೆಸಿ ಬೇಯಿಸಲು ಹೇಳಿದ. ಮನೆಯೆಲ್ಲ ನಾತ ಹೊಡೆಯಿತು.

ಎಪ್ಪತ್ತರ ಗಟ್ಟಿ ಹೆಂಗಸು ಗುನ್‌ವೋರ್. ಕುರಿ ಸಾಕುವವಳು. ತಟ್ಟೆಯಲ್ಲಿ ಅಲುಗಾಡುತ್ತಿದ್ದ ಮೀನನ್ನು ನೋಡಿದಳು.

"ತಿನ್ನಿ, ತಿನ್ನಿ! ನಮ್ಮೂರ ಊಟ!" ಎಂದ ಸೆಲ್ಮರ್.

"ಬೇಸಿಗೇಲಿ ಇದನ್ನ ನಮ್ಮಲ್ಲಿ ಯಾರೂ ತಿನ್ನಲ್ಲ," ಎಂದಳು ಗುನ್‌ವೋರ್. "ನಿಜ ಹೇಳ್ಬೇಕಂದ್ರೆ ನಮ್ಮನೇಲಿ ಚಳಿಗಾಲದಲ್ಲೂ ತಿನ್ನಲ್ಲ. ಮೊಮ್ಮಕ್ಕಳಿಗೆ ಪಿಜ್ಜಾ ಆಗ್ಬೇಕು."

ಮುದುಕ ಕೇಳಿಸಿಕೊಳ್ಳಲಿಲ್ಲ. ಅವಳದೇ ಮನೆಯ ಚರಿತ್ರೆಯನ್ನು ಅವಳಿಗೇ ಒಂದೂವರೆ ಗಂಟೆ ಹೇಳಿದ. ಗುನ್‌ವೋರ್ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಅವನು ಕೈ ಎತ್ತಿ ತಡೆದ. ಆಮೇಲೆ ಆರಾಮಕುರ್ಚಿಯಲ್ಲಿ ಕೂತವನು ಸ್ವೆಟರಿನೊಳಗೇ ಬೆವತು ಗೊರಕೆ ಹೊಡೆದ. ಕರ್ಟಿಸ್ ಟ್ರ್ಯಾಕ್ಟರಿನ ನೆಪ ಹೇಳಿ ಜಾಗ ಖಾಲಿ ಮಾಡಿದ.

ಗುನ್‌ವೋರ್ ಅಡಿಗೆಮನೆಗೆ ಬಂದು ಪಾತ್ರೆ ಒರೆಸಲು ಬಟ್ಟೆ ಕೈಗೆತ್ತಿಕೊಂಡಳು. "ನಿಮ್ಮ ಮಾವ ಉಸಿರು ಬಿಡೋಕೆ ಅವಕಾಶ ಕೊಟ್ಟಿದ್ರೆ ಊಟಕ್ಕೆ ಕೂತಾಗ್ಲೇ ಹೇಳ್ತಿದ್ದೆ. ಹಾಲ್ವೋರ್ ನಮ್ಮ ಮನೆ ಮಗ ಅಲ್ಲ."

"ಹಾಂ?"

"ತಬ್ಬಲಿ ಹುಡುಗ. ತಾಯಿ ಸತ್ತಳು, ತಂದೆ ಯಾರೋ ಗೊತ್ತಿಲ್ಲ. ಆಗೆಲ್ಲ ಅಂಥ ಮಕ್ಕಳನ್ನ ಊರಿನೋರು ಯಾವುದಾದ್ರೂ ಜಮೀನಿನ ಮನೆಗೆ ಸಾಕೋಕೆ ಕೊಡ್ತಿದ್ರು. ಐದು ವರ್ಷದವನಿದ್ದಾಗ ನಮ್ಮಲ್ಲಿಗೆ ಬಂದ. ಆಡು ಕಾಯ್ತಿದ್ದ. ಹದಿಹರೆಯಕ್ಕೆ ಬಂದ ಮೇಲೆ ಚರ್ಚಿನಲ್ಲಿ ಅವನಿಗೆ ದೀಕ್ಷೆ ಕೊಟ್ಟಾಗ ಪಾದ್ರಿ 'ಸಾಕಿದ ಹುಡುಗ' ಅಂತಲೇ ಬರೆದಿದ್ದಾನೆ. ನಿಮ್ಮ ಮಾವ ಮನೆ ಮಕ್ಕಳ ಜನನ ಮಾತ್ರ ಹುಡುಕಿದ್ದಾರೆ, ಅದನ್ನ ನೋಡಿಲ್ಲ."

"ಮತ್ತೆ ಬ್ರೆಕ್ಕೆ ಅನ್ನೋ ಹೆಸರು?"

"ಅಯ್ಯೋ, ಆಗ ನಮ್ಮಲ್ಲಿ ಹೆಸರು ಅಂದ್ರೆ ಇರೋ ಜಾಗ. ಬ್ರೆಕ್ಕೆಯಲ್ಲಿದ್ದ ಯಜಮಾನನೂ ಬ್ರೆಕ್ಕೆ, ಆಳೂ ಬ್ರೆಕ್ಕೆ, ಸಾಕಿದ ಹುಡುಗನೂ ಬ್ರೆಕ್ಕೆ. ಬೇರೆ ಜಾಗಕ್ಕೆ ಹೋದ್ರೆ ಆ ಜಾಗದ ಹೆಸರು. ನಮ್ಮಜ್ಜನೇ ಹೆಂಡತಿ ಮನೆಗೆ ಬಂದು ಬ್ರೆಕ್ಕೆ ಆದೋನು! ನೀವು ಅಮೆರಿಕದೋರು ಅದನ್ನ ರಕ್ತ ಅಂದ್ಕೊಂಡು ಕೂತಿದ್ದೀರಿ." ಅವಳು ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಅವರಿಗೆ ನೀವೇ ಹೇಳಿ. ಇದರಲ್ಲಿ ನಾಚಿಕೆಪಡೋದು ಏನೂ ಇಲ್ಲ."

ಲವೋನಳಿಗೆ ನಗು ತಡೆಯಲಾಗಲಿಲ್ಲ. ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹನ್ನೊಂದು ವರ್ಷ ಇಡೀ ಮನೆಯನ್ನು ಕಾಗದದಲ್ಲಿ ಮುಳುಗಿಸಿ ಮುದುಕ ಹುಡುಕಿದ್ದು ಏನನ್ನು? ಆಡು ಕಾಯುವ ತಬ್ಬಲಿಯನ್ನು! ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಮುಡಿಸಿ ಮೆರೆದನಲ್ಲ!

ಮರುದಿನ ಬೆಳಿಗ್ಗೆ ಗಂಜಿಯ ಬಟ್ಟಲನ್ನು ಅವನ ಮುಂದಿಟ್ಟು ಅಷ್ಟನ್ನೂ ಹೇಳಿದಳು. ಒಂದಕ್ಷರ ಬಿಡಲಿಲ್ಲ.

"ಸುಳ್ಳು," ಎಂದ ಸೆಲ್ಮರ್. "ಕುರಿ ಕಾಯೋಳಿಗೆ ಏನು ಗೊತ್ತು?"

"ನೆನ್ನೆ ತನಕ ಅವಳು ರಾಣಿ ಆಗಿದ್ಲಲ್ಲ?"

ಮುದುಕ ಚಮಚ ಕೆಳಗಿಟ್ಟ. ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಕಡೆಗೆ, "ಯಾರಿಗಾದ್ರೂ ಹೇಳಿದ್ಯಾ? ಕರ್ಟಿಸ್‌ಗೆ?" ಎಂದ.

"ಇನ್ನೂ ಇಲ್ಲ."

"ಹೇಳ್ಬೇಡ. ಆಗಸ್ಟಿಗೆ ನೂರಿಪ್ಪತ್ತು ಜನ ಬರ್ತಾರೆ. ಸತ್ತುಹೋಗ್ತೀನಿ ಲವೋನ್. ಏನು ಬೇಕು ನಿನಗೆ?"

ಏನು ಬೇಕೆಂದು ಆ ಕ್ಷಣದವರೆಗೆ ಅವಳು ಯೋಚಿಸಿರಲಿಲ್ಲ. ಕೇಳಿದ ಕೂಡಲೇ ನಾಲಿಗೆಯ ತುದಿಗೆ ಬಂತು. "ಪುಸ್ತಕದಲ್ಲಿ ಸಿಗ್ನೆ ಹೆಸರು ಬರ್ಬೇಕು. ನಂಬರ್ ಸಮೇತ. ದತ್ತು, ಗಿತ್ತು ಅಂತ ಏನೂ ಇರಬಾರದು. ಎಲ್ಲರ ಮುಂದೆ ಮೈಕ್ ಹಿಡಿದು 'ಇವಳು ನನ್ನ ಮೊಮ್ಮಗಳು' ಅನ್ಬೇಕು. ನೀವಾಗೇ ಹೇಳಿದ ಹಾಗಿರ್ಬೇಕು."

"ನೀನು ಬಾಯಿ ಬಿಡಬಾರದು."

"ಯಾಕೆ ಬಿಡ್ಲಿ? ಇಂಥ ಮಾತು ಊರಿಗೆ ಗೊತ್ತಾದ್ರೆ ಮುಖ ಎಲ್ಲಿಟ್ಕೋತೀರಿ ಅಂತ ನನಗೆ ಗೊತ್ತಿಲ್ವಾ?"

ಆ ದಿನವೇ ಅವಳು 'ಮಕ್ಕಳಿಲ್ಲ' ಎಂಬ ಜಾಗದಲ್ಲಿ ಮಗಳ ಹೆಸರು ಕೂರಿಸಿದಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಈ ಮನೆಯಲ್ಲಿ ಗೆದ್ದೆನೆಂದು ಅವಳಿಗೆ ಹಿಗ್ಗು. ಮುದುಕನಿಗೆ ಎರಡನೇ ಸಲ ಕಾಫಿ ತಾನೇ ಕೇಳಿ ಬಗ್ಗಿಸಿದಳು.

ಮುಂದಿನ ಭಾನುವಾರ ತಾಯಿ ಮಗಳು ಅಂಗಳದಲ್ಲಿ ಕೂತು ಹಸಿ ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದರು. ಚಳಿಗಾಲಕ್ಕೆ ಕಾಳು ಬಿಡಿಸಿ ಕಟ್ಟಿಡುವ ಕೆಲಸ.

"ನಿನ್ನ ನಂಬರ್ ಇನ್ನೂರ ಹನ್ನೆರಡು," ಎಂದಳು ಲವೋನ್.

ಸಿಗ್ನೆಯ ಕೈ ನಿಂತಿತು. "ಅಜ್ಜ ಒಪ್ಪಿದ್ನಾ? ನೀನು ಜಗಳ ಆಡಿದ್ಯಾ?"

"ನಾನ್ಯಾಕೆ ಆಡ್ಲಿ? ತಾನಾಗೇ ಅಂದ. ಮನಸ್ಸು ಕರಗಿರ್ಬೇಕು."

"ತಾನಾಗೇ?"

"ತಾನಾಗೇ."

ಸಿಗ್ನೆ ಕೈಗೆ ಮೆತ್ತಿದ ನಾರನ್ನು ಒರೆಸಿಕೊಂಡು ಒಳಗೆ ಹೋದಳು. ಲವೋನ್ ಕಿಟಕಿಯಿಂದ ನೋಡಿದರೆ, ಅವಳು ಅಜ್ಜನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅವನ ಹಳೆಯ ಕಾಗದಗಳ ಬಗ್ಗೆ ಒಂದೊಂದಾಗಿ ಕೇಳಿ ತಿಳಿದುಕೊಳ್ಳುತ್ತಿದ್ದಳು. ಮರುವಾರ ಅವನಿಗಿಷ್ಟವೆಂದು ಉಪ್ಪಿನಕಾಯಿ ಹಾಕಿದ ಮೀನಿನ ಬಾಟಲಿ ತಂದಳು. ಮುದುಕ ತಿಂದ. ಅದಕ್ಕೂ ನಾಚಿಕೆ ಆಗಲಿಲ್ಲ ಅವನಿಗೆ.

ಆಗಸ್ಟಿನ ಆ ಶನಿವಾರ ಚರ್ಚಿನ ನೆಲಮಾಳಿಗೆ ತುಂಬಿ ಹೋಯಿತು. ಹಂದಿಮಾಂಸದ ಹ್ಯಾಮ್ ಇಟ್ಟ ಬನ್ನು, ಬಣ್ಣಬಣ್ಣದ ಜೆಲ್ಲಿ, ಆಲೂಗೆಡ್ಡೆಯ ತೆಳು ರೊಟ್ಟಿ, ದೊಡ್ಡ ಕೊಳಗದಲ್ಲಿ ಕಾಫಿ. ಎಲ್ಲರ ಎದೆಯ ಮೇಲೂ ಹೆಸರಿನ ಚೀಟಿ, ಕೆಳಗೆ ನಂಬರು. ಸೆಲ್ಮರನ ತಮ್ಮನ ಮಗಳು ಆರ್ಡಿಸ್ ಕಾಫಿ ಬಗ್ಗಿಸುತ್ತಾ, "ದನದ ಸಂತೆಗೆ ಬಂದ ಹಾಗಿದೆ, ಎಲ್ಲರಿಗೂ ಕಿವಿಗೊಂದು ಬಿಲ್ಲೆ," ಎಂದು ನಕ್ಕಳು.

ಸೆಲ್ಮರ್ ಮೈಕ್ ಹಿಡಿದ. ಹಾಲ್ವೋರನ ದೊಡ್ಡಸ್ತಿಕೆ, ಜಮೀನಿನ ವಿಸ್ತಾರ ಎಲ್ಲ ಕೊರೆದ. ಜನ ಬನ್ನು ತಿಂದರು. ಕಡೆಗೆ ಲವೋನಳ ಕಡೆ ಒಮ್ಮೆ ನೋಡಿ, "ಸಿಗ್ನೆ, ಬಾ ಇಲ್ಲಿ. ಇವಳು ನನ್ನ ಮೊಮ್ಮಗಳು. ಅಪ್ಪಟ ಬ್ರೆಕ್ಕೆ," ಎಂದ.

ಜನ ಚಪ್ಪಾಳೆ ತಟ್ಟಿದರು. ಸಿಗ್ನೆ ಮುಖವೆಲ್ಲ ಕೆಂಪಾಗಿ ಎದ್ದು ಹೋಗಿ ಅಜ್ಜನನ್ನು ತಬ್ಬಿಕೊಂಡಳು. ಲವೋನ್ ಕಣ್ಣೊರೆಸಿಕೊಂಡಳು. ಮುದುಕ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದ. ಸಿಗ್ನೆಯ ಕೈಗಳು ಸಡಿಲವಾದವು.

ಅವಳು ನೇರವಾಗಿ ಚರ್ಚಿನ ಅಡಿಗೆಮನೆಗೆ ಬಂದಳು. ಲವೋನ್ ಹಿಂದೆಯೇ ಬಂದಳು.

"ಅಜ್ಜ ಏನಂದ ಗೊತ್ತಾ? 'ನಾನು ಹೇಳ್ಬೇಕಾದ್ದು ಹೇಳಿದೀನಿ, ನಿಮ್ಮಮ್ಮ ತನ್ನ ಮಾತು ಉಳಿಸ್ಕೊಳ್ಳಲಿ' ಅಂದ. ಏನು ಮಾತು ಅಮ್ಮ?"

ಸುಳ್ಳು ಹೇಳಬಹುದಿತ್ತು. ಆದರೆ ಲವೋನಳಿಗೆ ತನ್ನ ಜಾಣತನದ ಬಗ್ಗೆ ಇನ್ನೂ ಹೆಮ್ಮೆ ಉಳಿದಿತ್ತು. ದನಿ ತಗ್ಗಿಸಿ, ನಗುನಗುತ್ತಲೇ ಹೇಳಿದಳು: ಗುನ್‌ವೋರ್ ಹೇಳಿದ್ದು, ಸಾಕಿದ ಹುಡುಗ, ಆಡು, ಮುದುಕ ಬೆಚ್ಚಿಬಿದ್ದದ್ದು, ತಾನು ಅವನ ಜುಟ್ಟು ಹಿಡಿದದ್ದು. ಸಿಗ್ನೆಯೂ ನಗುತ್ತಾಳೆ ಎಂದುಕೊಂಡಿದ್ದಳು.

"ಹಾಲ್ವೋರ್ ನನ್ನ ಹಾಗೇ," ಎಂದಳು ಸಿಗ್ನೆ ನಿಧಾನವಾಗಿ. "ಈ ಮನೇಲಿ ನನ್ನ ಹಾಗೆ ಬಂದೋನು ಒಬ್ಬ ಇದ್ದ. ನೀನು ಅದನ್ನ ನನಗೆ ಹೇಳ್ಲಿಲ್ಲ."

"ಹೇಳಿದ್ರೆ ಮುದುಕ ಒಪ್ತಿದ್ನಾ? ನಿನಗೋಸ್ಕರ ತಾನೇ..."

"ನನಗೋಸ್ಕರ! ಸಾಕಿದ ಮಗು ಅನ್ನೋದು ಮುಚ್ಚಿಡೋ ವಿಷಯ, ಹೇಳಿದ್ರೆ ಮಾನ ಹೋಗುತ್ತೆ ಅಂತ ಅವನನ್ನ ಹೆದರಿಸಿದೆ. ಅವನು ಹೆದರಿದ. ಇಬ್ಬರೂ ಸೇರಿ ನನ್ನನ್ನ ಅಪ್ಪಟ ಮಾಡಿದ್ರಿ."

"ಹಾಗಲ್ಲ ಪುಟ್ಟಿ..."

"ಅಜ್ಜ ಹಾಗೆ ಅಂದ್ಕೊಂಡಿದ್ದಾನೆ ಅಂತ ನನಗೆ ಮೊದಲಿಂದ್ಲೂ ಗೊತ್ತಿತ್ತು. ನೀನೂ ಹಾಗೇ ಅಂದ್ಕೊಂಡಿದ್ದೀಯ ಅಂತ ಗೊತ್ತಿರ್ಲಿಲ್ಲ. ಆ ಹಾಲ್ವೋರ್ ಸಾಯೋತನಕ ನಾಚಿಕೆಯಿಂದ ಬಾಯಿ ಬಿಡ್ಲಿಲ್ಲ. ಇಷ್ಟು ವರ್ಷ ಆದ್ಮೇಲೂ ಅವನ ಬಾಯಿ ನೀನೇ ಮುಚ್ಚಿದೆಯಲ್ಲ ಅಮ್ಮ."

ಅವಳು ಹಿಂದಿನ ಬಾಗಿಲಿಂದ ಹೊರಟುಹೋದಳು. ಕಾರು ಹೊರಟ ಸದ್ದು ಕೇಳಿಸಿತು. ಲವೋನ್ ಪಾತ್ರೆ ತೊಳೆಯುವ ತೊಟ್ಟಿಯ ಅಂಚು ಹಿಡಿದು ನಿಂತಳು. ಮುದುಕನನ್ನು ಮೂರು ದಶಕ ತಿರಸ್ಕಾರದಿಂದ ನೋಡಿದ್ದಳು. ಅವನಿಗಿಂತ ತಾನು ಮೇಲೆಂಬುದರಲ್ಲಿ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಈಗ ತನ್ನ ಮುಖ ನೆನೆದರೆ ಅವಳಿಗೇ ಹೇಸಿಗೆಯಾಯಿತು.

ಆಚೆ ಜನ ಸೇರಿದ್ದಲ್ಲಿ ಫೋಟೋಗೆ ಕರೆಯುತ್ತಿದ್ದರು. "ಕರ್ಟಿಸ್ ಸಂಸಾರ ಬರ್ಲಿ! ಲವೋನ್, ಮಗಳನ್ನ ಕರ್ಕೊಂಡು ಬಾ!" ಎಂದು ಸೆಲ್ಮರನ ದನಿ ಮೈಕಿನಲ್ಲಿ ಮೊಳಗಿತು.

ಅವಳು ಹೋಗಿ ಅವನ ಕೈಯಿಂದ ಮೈಕ್ ಕಿತ್ತುಕೊಂಡಳು. "ಎಲ್ಲರೂ ಸ್ವಲ್ಪ ಕೇಳಿ. ಹಾಲ್ವೋರ್ ಬ್ರೆಕ್ಕೆ ಆ ದೊಡ್ಡ ಮನೆಯ ಮಗ ಅಲ್ಲ. ಊರಿನೋರು ಸಾಕೋಕೆ ಕೊಟ್ಟ ತಬ್ಬಲಿ. ಇದ್ದ ಜಮೀನಿನ ಹೆಸರು ಇಟ್ಕೊಂಡು ಇಲ್ಲಿಗೆ ಬಂದ. ನಮ್ಮಲ್ಲಿ ಯಾರಿಗೂ ಬ್ರೆಕ್ಕೆ ರಕ್ತ ಇಲ್ಲ. ಮಾವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಇಬ್ಬರೂ ಮುಚ್ಚಿಟ್ವಿ."

ಸೆಲ್ಮರ್ ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತ. ಕರ್ಟಿಸ್ ತನ್ನ ಬೂಟು ನೋಡಿಕೊಂಡ. ಆಕಾಶ ಕಳಚಿ ಬೀಳುತ್ತದೆಂದು ಲವೋನ್ ಕಾದಳು.

"ಹೌದಾ," ಎಂದರು ಯಾರೋ. "ಪರವಾಗಿಲ್ಲ, ಒಳ್ಳೆ ಕತೆ," ಎಂದರು ಮತ್ತೊಬ್ಬರು. ಮಕ್ಕಳು ಜೆಲ್ಲಿಗೆ ಜಗಳವಾಡಿದರು. ಜನ ಎದ್ದು ಮತ್ತೆ ಬನ್ನಿನ ಸಾಲಿಗೆ ನಿಂತರು. ಯಾವ ಗುಟ್ಟಿಗಾಗಿ ಮುದುಕ ಗಡಗಡ ನಡುಗಿದ್ದನೋ, ಯಾವುದನ್ನು ಹಿಡಿದುಕೊಂಡು ಅವಳು ಅವನನ್ನು ಬಗ್ಗಿಸಿದ್ದಳೋ, ಅದಕ್ಕೆ ಆ ನೆಲಮಾಳಿಗೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ.

ಆರ್ಡಿಸ್ ಕಾಫಿ ಜಗ್ಗು ಹಿಡಿದು ಹತ್ತಿರ ಬಂದಳು. "ನಮ್ಮ ತಾಯಿ ಕಡೆ ತಾತನೂ ಹಾಗೇ ಕಣೆ, ಬೇರೆಯೋರ ಮನೇಲಿ ಬೆಳೆದೋನು. ಅದರಲ್ಲೇನಿದೆ? ಎಲ್ಲಿ ಸಿಗ್ನೆ? ಇದು ಗೊತ್ತಾದ್ರೆ ಎಷ್ಟು ಖುಷಿಪಡ್ತಾಳೆ ಪಾಪ. ಹೋಗಿ ಹೇಳು."

"ಅವಳಿಗೆ ಗೊತ್ತು," ಎಂದಳು ಲವೋನ್.